ಗಣಿಯ ಬಂಡಿಯೂ ಗಣಿಗಾರನ ಕಿವಿಯೂ

ಹೊನ್ನಾಳಿಯ ಸೀಮೆಯಲ್ಲಿ ಹೊನ್ನಿದ್ದಿತೆಂಬುದು ಊರಿನ ಹೆಸರನ್ನು ಕೇಳಿ ಕಟ್ಟಿದ ಮಾತಲ್ಲ. ಹಳೆಯ ಹೊನ್ನಾಳಿ ತಾಲ್ಲೂಕಿನಲ್ಲಿ, ನ್ಯಾಮತಿಯ ಕಡೆಗಿರುವ ಕುದುರೆಕೊಂಡ, ಪಾಲವನಹಳ್ಳಿಗಳ ಸುತ್ತಣ ಹಳ್ಳಕೊಳ್ಳಗಳ ಮಣ್ಣನ್ನು ತೊಳೆದರೆ ಚಿನ್ನದ ಕಣಗಳು ದೊರೆಯುತ್ತಿದ್ದುವು. ಭೂಶಾಸ್ತ್ರಜ್ಞರಾದ ರಾಬರ್ಟ್ ಬ್ರೂಸ್ ಫೂಟ್ ಅವರು ೧೯ನೆಯ ಶತಮಾನದ ಎಂಬತ್ತರ ದಶಕದಲ್ಲಿ ಮೈಸೂರು ಸಂಸ್ಥಾನದ ಚಿನ್ನದ ನೆಲಗಳನ್ನು ಸುತ್ತಿ ನೋಡಿದಾಗ ಈ ಭಾಗವನ್ನೂ ಪರೀಕ್ಷಿಸಿದರು. ಇಲ್ಲಿಯ ಶಿಲೆಗಳಿಗೆ ಧಾರವಾಡ ಶಿಲಾಸಮೂಹವೆಂಬ ಹೆಸರನ್ನಿತ್ತವರೂ ಅವರೇ. ಆ ಶತಮಾನವು ಮುಗಿಯುವ ಮೊದಲೇ ಪಾಲವನಹಳ್ಳಿಯ ಬಳಿ ಬಾವಿಯನ್ನು ತೋಡಿ, ಚಿನ್ನದ ಬೆಣಚುಕಲ್ಲನ್ನು ಮೇಲಕ್ಕೆತ್ತಿ ಅರೆಯುವ ಉದ್ಯಮವು ಮೊದಲಾಯಿತು. ಅದು ಕೋಲಾರದಂತೆ ಬೆಳೆಯಲಿಲ್ಲ. ಪಕ್ಕದ ಚನ್ನಗಿರಿಯ ಕಡೆಗೆ ಚಿನ್ನಕ್ಕಿಂತ ಕಬ್ಬಿಣದ ಕಥೆಯೇ ಹಿರಿದು: ಶಿವಮೊಗ್ಗೆಯ ಪೂರ್ವಭಾಗದಲ್ಲಿ ಹಳೆಯ ಕಾಲದ ಕುಲುಮೆಗಳಲ್ಲಿ ಕಬ್ಬಿಣವನ್ನು ಕರಗಿಸುತ್ತಿದ್ದುದನ್ನು ರೈಸ್ ಅವರ ಗೆಜೆಟಿಯರು ಹೇಳುತ್ತದೆ, ಉಬ್ರಾಣಿಯ ಸುತ್ತಲಿನ ಟೈಟೇನಿಯಂ ಬೆರೆತ ಕಬ್ಬಿಣದ ಅದಿರು ಭೂಶಾಸ್ತ್ರಜ್ಞರ ಪುಸ್ತಕಗಳಲ್ಲಿ ಹೆಸರಾಗಿದೆ. ಇಂತು ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ನೆಲವು ಗಣಿಯ ಹೆಸರನ್ನು ಕೇಳದ ನೆಲವಲ್ಲ. ಜಗಳೂರಿನವರಿಗಾದರೋ, ಅವರ ತಾಲ್ಲೂಕು ೧೯೯೭ರವರೆಗೂ ಸೇರಿದ್ದ ಚಿತ್ರದುರ್ಗ ಜಿಲ್ಲೆಯಲ್ಲಿಯೇ ಇಂಗಳದಾಳಿನ ತಾಮ್ರದ ಗಣಿಯಿದ್ದಿತು.

ಗಣಿಗಳ ಚರಿತ್ರೆಯನ್ನು ಬರೆದವರು ಅನೇಕರು. ಎಷ್ಟು ಔನ್ಸು ಚಿನ್ನ ಬಂದಿತು, ಎಷ್ಟು ಅಡಿ ಆಳಕ್ಕೆ ಇಳಿದರು, ಪಾಲುದಾರರಿಗೆ ಎಷ್ಟು ಲಾಭ ಹಂಚಿದರು ಎಂಬುದೆಲ್ಲ ಅವರ ಬರಹಗಳಲ್ಲಿ ದೊರೆಯುತ್ತದೆ. ಕಲ್ಲು ಬಿದ್ದು ಸತ್ತವರ ಲೆಕ್ಕವೂ ಉಂಟು. ದೂಳಿನಿಂದ ಪುಪ್ಪುಸವು ಕೆಟ್ಟವರ ಮಾತೂ ತಡವಾಗಿಯಾದರೂ ಬಂದಿದೆ. ಆದರೆ ಅದಿರನ್ನು ಹೊತ್ತು ನೆಲದ ಹೊಟ್ಟೆಯಲ್ಲಿ ಓಡಾಡುವ ಬಂಡಿಯ ಸದ್ದು ಆ ಬಂಡಿಯನ್ನು ನೂಕಿದವನಿಗೆ, ನಡೆಸಿದವನಿಗೆ ಏನು ಮಾಡಿತೆಂಬ ಪ್ರಶ್ನೆಯನ್ನು ಎತ್ತಿದವರು ಬಹು ವಿರಳ. ಇದಕ್ಕೆ ಕಾರಣವೂ ಸ್ಪಷ್ಟವೇ. ಸದ್ದು ಯಾರನ್ನೂ ಒಂದು ದಿನದಲ್ಲಿ ಕೊಲ್ಲುವುದಿಲ್ಲ. ಅದು ರಕ್ತವನ್ನು ತೋರಿಸುವುದಿಲ್ಲ. ಇಪ್ಪತ್ತು ವರ್ಷಗಳ ದುಡಿಮೆಯ ತರುವಾಯ ಮನುಷ್ಯನು ಮನೆಯ ಜಗುಲಿಯಲ್ಲಿ ಕುಳಿತು, ಮೊಮ್ಮಗನ ಮಾತಿಗೆ ಏನೆಂದು ಎರಡನೆಯ ಸಲ ಕೇಳುವಾಗ, ಅದು ಮುಪ್ಪಿನ ಗುಣವೆಂದು ಎಲ್ಲರೂ ಎಣಿಸುವರು.

ಗಣಿಯ ಬಂಡಿಯ ಸದ್ದನ್ನು ಬಹು ಹಿಂದೆಯೇ ಬರೆದಿಟ್ಟವನು ಜರ್ಮನಿಯ ವೈದ್ಯನಾದ ಅಗ್ರಿಕೋಲನು. ಅವನು ತೀರಿಕೊಂಡ ಮರುವರ್ಷ, ಎಂದರೆ ೧೫೫೬ರಲ್ಲಿ, ಅವನ ಹಿರಿಯ ಗ್ರಂಥವು ಲ್ಯಾಟಿನ್ ಭಾಷೆಯಲ್ಲಿ ಅಚ್ಚಾಯಿತು. ಗಣಿಯೊಳಗಿನ ಸಲಕರಣೆಗಳನ್ನು ವರ್ಣಿಸುವೆಡೆ ಅವನು ನಾಲ್ಕು ಸಣ್ಣ ಗಾಲಿಗಳುಳ್ಳ ಮರದ ಪೆಟ್ಟಿಗೆಯೊಂದನ್ನು ಹೇಳಿದ್ದಾನೆ. ಹಲಗೆಗಳ ಮೇಲೆ ಅದು ಉರುಳುವುದು. ತಳದಲ್ಲಿ ನೆಟ್ಟ ಕಬ್ಬಿಣದ ಗೂಟವು ಹಲಗೆಗಳ ನಡುವಣ ಸಂದಿನಲ್ಲಿ ಸಾಗಿ ಪೆಟ್ಟಿಗೆಯನ್ನು ದಾರಿ ಬಿಡದಂತೆ ಹಿಡಿಯುವುದು. ಈ ಬಂಡಿಗೆ ಗಣಿಗಾರರು ನಾಯಿಯೆಂದು ಹೆಸರಿಟ್ಟಿದ್ದರು. ಓಡುವಾಗ ಅದು ಮಾಡುವ ಸದ್ದು ಕೆಲವರ ಕಿವಿಗೆ ನಾಯಿಯ ಬೊಗಳಿನಂತೆ ಕೇಳುವುದರಿಂದ ಆ ಹೆಸರು ಬಂದಿತೆಂದು ಅಗ್ರಿಕೋಲನೇ ಕಾರಣವನ್ನು ಕೊಟ್ಟಿದ್ದಾನೆ. ಜರ್ಮನ್ ಭಾಷೆಯಲ್ಲಿ ಗಣಿಯ ಬಂಡಿಗೆ ಆ ಶುನಕನಾಮವು ಶತಮಾನಗಳ ಕಾಲ ಉಳಿದುಬಂದಿತು. ಬಂಡಿಗೆ ಹೆಸರಿಡುವಾಗ ಜನರು ಅದರ ಆಕಾರವನ್ನೂ ನೋಡಲಿಲ್ಲ, ಕೆಲಸವನ್ನೂ ನೋಡಲಿಲ್ಲ, ಅದರ ಗದ್ದಲವನ್ನು ಹಿಡಿದರು. ಕತ್ತಲೆಯಲ್ಲಿ ಕಣ್ಣಿಗಿಂತ ಮೊದಲು ಕಿವಿಗೆ ಬೀಳುವುದು ಸದ್ದಲ್ಲವೆ!

ಕನ್ನಡನಾಡಿನ ಪ್ರಾಚೀನ ಗಣಿಗಾರರಿಗಾದರೋ ಬಂಡಿಯ ಕಾಟವಿರಲಿಲ್ಲವೆಂದೇ ಹೇಳಬೇಕು. ರಾಯಚೂರು ಸೀಮೆಯ ಹಟ್ಟಿಯಲ್ಲಿ ಸುಮಾರು ೨೦೦೦ ವರ್ಷಗಳ ಹಿಂದಿನ ಜನರು ೬೦೦ ಅಡಿಗಳಿಗಿಂತ ಕೆಳಕ್ಕೆ ಇಳಿದಿದ್ದರೆಂಬುದಕ್ಕೆ ಅವರ ತೋಡುಗಳೇ ಸಾಕ್ಷಿಯಾಗಿವೆ. ಬೆಂಕಿಯಿಂದ ಬಂಡೆಯನ್ನು ಕಾಯಿಸಿ ನೀರೆರಚಿ ಬಿರಿಯಿಸುವುದು ಅವರ ಕ್ರಮ. ಅಷ್ಟು ಕಿರಿದಾದ ಬಿಲಗಳಲ್ಲಿ ಗಾಲಿಗೆ ಎಡೆಯಿಲ್ಲ; ಕಲ್ಲು ಮನುಷ್ಯರ ಕೈಯಿಂದ ಕೈಗೆ, ತಲೆಯಿಂದ ತಲೆಗೆ ಮೇಲೇರಿತು. ಆ ದುಡಿಮೆಯ ಕ್ರೌರ್ಯವನ್ನು ಊಹಿಸಿಕೊಳ್ಳಬಹುದು. ಆದರೆ ಅದು ಮಾತು ಕೇಳಿಸುವ ದುಡಿಮೆಯಾಗಿದ್ದಿತು.

ಗಾಲಿ ಮತ್ತು ಹಳಿಗಳು ಕೋಲಾರದೊಡನೆ ಬಂದುವು. ಲೆಫ್ಟಿನೆಂಟ್ ವಾರೆನ್ನನು ೧೮೦೨ರಲ್ಲಿ ಅಲ್ಲಿಯ ಚಿನ್ನದ ವಿಚಾರವನ್ನು ಸರ್ಕಾರಕ್ಕೆ ತಿಳಿಸಿದ್ದು, ಲಾವೆಲ್ ಎಂಬ ನಿವೃತ್ತ ಸೈನಿಕನು ಎಪ್ಪತ್ತರ ದಶಕದಲ್ಲಿ ಮೈಸೂರು ಸರ್ಕಾರದಿಂದ ಅಪ್ಪಣೆಯನ್ನು ಪಡೆದದ್ದು, ೧೮೮೦ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಕಂಪನಿಯು ಕೈಯಿಕ್ಕಿದ್ದು, ಇವೆಲ್ಲ ವಾಚಕರಿಗೆ ತಿಳಿದ ವಿಷಯಗಳೇ. ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೯೨ ಮೈಲಿ ದೂರ ಸಾಗಿಬಂದ ವಿದ್ಯುಚ್ಛಕ್ತಿಯು ಅಲ್ಲಿಯ ಯಂತ್ರಗಳನ್ನು ತಿರುಗಿಸಿತು. ಆ ಘಟನೆಯ ಹೊಗಳಿಕೆಯನ್ನು ಹಾಡದ ಪುಸ್ತಕವಿಲ್ಲ. ಆದರೆ ವಿದ್ಯುತ್ತು ಬಂದ ಮೇಲೆಯೂ ಗಣಿಯೊಳಗೆ ಅದಿರಿನ ಡಬ್ಬಿಯನ್ನು ನೂಕುತ್ತಿದ್ದವರು ಮನುಷ್ಯರೇ. ಸುರಂಗದ ನೆಲದಲ್ಲಿ ಕಿರಿಯ ಹಳಿಗಳು; ಅವುಗಳ ಮೇಲೆ ನಾಲ್ಕು ಕಬ್ಬಿಣದ ಗಾಲಿಗಳ ಉಕ್ಕಿನ ಡಬ್ಬಿ. ಇಂಗ್ಲಿಷರ ಟಬ್ಬು ಎಂಬ ಮಾತೇ ಕೂಲಿಗಳ ಬಾಯಲ್ಲಿಯೂ ನಿಂತಿತು. ಕೆಲಸದ ಮುಖದಿಂದ ಕಲ್ಲು ಗುಂಡಿಗಳ ಮೂಲಕ ಕೆಳಗೆ ಉರುಳಿ ಟಬ್ಬಿಗೆ ಬೀಳುವುದು. ಟಬ್ಬು ಶಾಫ್ಟಿನವರೆಗೆ ಬಂದು ಬರಿದಾಗುವುದು. ಅಲ್ಲಿಂದ ಸ್ಕಿಪ್ಪು ಎಂಬ ಉಕ್ಕಿನ ತೊಟ್ಟಿಯು ಹಗ್ಗದಲ್ಲಿ ಜೋತು ಅದಿರನ್ನು ಹೊರಗೆ ಒಯ್ಯುವುದು.

ಈ ದಾರಿಯ ಒಂದೊಂದು ಹೆಜ್ಜೆಯೂ ಒಂದೊಂದು ಶಬ್ದದ ಹುಟ್ಟು. ಬರಿಯ ಟಬ್ಬಿಗೆ ಮೊದಲ ಕಲ್ಲು ಬಿದ್ದಾಗ ಅದು ಗಂಟೆಯಂತೆ ಮೊಳಗುವುದು, ಏಕೆಂದರೆ ತೆಳುವಾದ ಉಕ್ಕಿನ ತಗಡು ಹೊಡೆತವನ್ನು ನುಂಗದೆ ಗಾಳಿಗೆ ಹಂಚುತ್ತದೆ. ಹಳಿಗಳ ಜೋಡಣೆಯಲ್ಲಿ ಬಿಟ್ಟ ಸಂದುಗಳ ಮೇಲೆ ಗಾಲಿಯು ಹಾರಿ ಬಡಿಯುವುದು. ಒಂದೇ ಕಡೆಯಲ್ಲಿ ಸವೆದು ಚಪ್ಪಟೆಯಾದ ಗಾಲಿಯು ಪ್ರತಿ ಸುತ್ತಿಗೂ ಒಂದು ಏಟನ್ನು ಹೊಡೆಯುವುದು. ತಿರುವಿನಲ್ಲಿ ಗಾಲಿಯು ನೇರವಾಗಿ ಉರುಳಲಾರದೆ ಹಳಿಯ ಮೇಲೆ ಅಡ್ಡಕ್ಕೆ ಜಾರುವುದರಿಂದ ಹಲ್ಲು ಜುಮ್ಮೆನ್ನಿಸುವ ಕೀರಲು ಹುಟ್ಟುವುದು. ಗಣಿಯ ತಿರುವುಗಳು ರೈಲ್ವೆಯ ತಿರುವುಗಳಂತೆ ವಿಶಾಲವಲ್ಲವಾದಕಾರಣ ಈ ಕೀರಲಿಗೆ ಬಿಡುವಿಲ್ಲ. ಇದಿಷ್ಟೂ ಬಯಲಿನಲ್ಲಿ ನಡೆದರೆ ಸಹಿಸಬಹುದು. ಬಯಲಿನಲ್ಲಿ ಶಬ್ದದ ಮೂಲದಿಂದ ದೂರವು ಇಮ್ಮಡಿಯಾದಂತೆಲ್ಲ ಶಬ್ದವು ಗಣನೀಯವಾಗಿ ತಗ್ಗುತ್ತ ಹೋಗುವುದು. ಸುರಂಗದಲ್ಲಿ ಹಾಗಲ್ಲ. ನಾಲ್ಕು ಕಡೆಯ ಕಲ್ಲೂ ಅದನ್ನು ಹಿಂದಕ್ಕೆ ಎಸೆಯುತ್ತವೆ. ಬಂಡಿಯು ದೂರ ಹೋದರೂ ಅದರ ಸದ್ದು ಹೋಗುವುದಿಲ್ಲ.

ಮೇಲೆ ಬಂದವನಿಗೂ ವಿಶ್ರಾಂತಿಯಿರಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು. ಅದಿರನ್ನು ಕುಟ್ಟುವ ಒನಕೆಯಂತ್ರಗಳು ಹಗಲಿರುಳೂ ಗುಡುಗುತ್ತಿದ್ದುವು. ಆ ಗುಡುಗು ನಿಂತರೆ ಊರಿಗೆ ಗಾಬರಿ. ಏಕೆಂದರೆ ಗಿರಣಿ ನಿಂತಿತೆಂದರೆ ಕೂಲಿ ನಿಂತಿತೆಂದು ಅರ್ಥ. ಸದ್ದನ್ನು ಅನ್ನದ ಗುರುತೆಂದು ಎಣಿಸಿದ ಜನರು ಅದರ ಮೇಲೆ ದೂರು ಕೊಡುವುದೆಂತು?

ಈಗ ಮುಖ್ಯವಾದ ಮಾತಿಗೆ ಬರಬೇಕು. ಗಣಿಯೊಳಗೆ ಕಿವಿಯು ಬರಿಯ ಇಂದ್ರಿಯವಲ್ಲ, ಅದೊಂದು ಆಯುಧ. ಹಳೆಯ ಗಣಿಗಾರನು ಕೆಲಸಕ್ಕೆ ತೊಡಗುವ ಮೊದಲು ಕಬ್ಬಿಣದ ಸಲಾಕಿಯಿಂದ ತಲೆಯ ಮೇಲಣ ಬಂಡೆಯನ್ನು ತಟ್ಟಿ ನೋಡುವನು. ಗಟ್ಟಿಯಾದ ಕಲ್ಲು ಖಣಿಲೆನ್ನುವುದು; ಬಿರುಕು ಬಿಟ್ಟು ಬೀಳಲಿರುವ ಕಲ್ಲು ತಮಟೆಯಂತೆ ಟೊಳ್ಳಾಗಿ ನುಡಿಯುವುದು. ಕುಂಬಾರನ ಅಂಗಡಿಯಲ್ಲಿ ಗೃಹಿಣಿಯು ಗಡಿಗೆಯನ್ನು ಬೆರಳಿನಿಂದ ಬಡಿದು ನೋಡುವಂತೆಯೇ ಇದು. ಭೇದವೇನೆಂದರೆ ಇಲ್ಲಿ ತಪ್ಪಿದರೆ ಹೋಗುವುದು ಗಡಿಗೆಯಲ್ಲ. ಇದಲ್ಲದೆ ಒತ್ತಡಕ್ಕೆ ಸಿಕ್ಕಿದ ಬಂಡೆಯು ಒಡೆಯುವ ಮೊದಲು ಸಣ್ಣಸಣ್ಣ ಚಿಟಿಲುಗಳನ್ನು ಮಾಡುವುದುಂಟು. ಮರದ ಆಧಾರಗಂಬವು ಮುರಿಯುವ ಮೊದಲು ನರಳುವುದು. ಕೋಲಾರದಲ್ಲಿ ಆಳವು ಹೆಚ್ಚಿದಂತೆಲ್ಲ ಶಿಲಾಸ್ಫೋಟಗಳು ಬಲವಾದುವು. ಕೊನೆಗೆ ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರುಗಳಿಗಿಂತ ಆಳಕ್ಕೆ ಇಳಿಯಿತು. ಈ ಸ್ಫೋಟಗಳನ್ನು ಅಳೆಯಲು ೨೦ನೆಯ ಶತಮಾನದ ಆರಂಭದ ದಶಕಗಳಲ್ಲಿಯೇ ಅಲ್ಲಿ ಭೂಕಂಪಮಾಪಕವನ್ನು ಸ್ಥಾಪಿಸಿದರು. ಆದರೆ ಮೇಲಿನ ಮಾಪಕವು ಆಗಿಹೋದುದನ್ನು ಬರೆಯುವುದು. ಆಗಲಿರುವುದನ್ನು ಹೇಳುವುದಕ್ಕೆ ಕೆಳಗಿದ್ದವನಿಗೆ ಬಹಳಮಟ್ಟಿಗೆ ತನ್ನ ಎರಡು ಕಿವಿಗಳೇ ಗತಿ.

ಶಾಫ್ಟಿನ ಸಂಜ್ಞೆಗಳೂ ಕಿವಿಯವೇ. ಕೆಳಗಿನಿಂದ ಗಂಟೆಯ ಹೊಡೆತಗಳನ್ನು ಎಣಿಸಿ ಮೇಲಿನ ಯಂತ್ರಚಾಲಕನು ಹಗ್ಗವನ್ನು ಎತ್ತುವನು ಇಲ್ಲವೆ ಇಳಿಸುವನು. ಓಡುತ್ತಿರುವ ಪಂಜರಕ್ಕೆ ಒಂದು ಹೊಡೆತವೆಂದರೆ ನಿಲ್ಲು ಎಂಬ ಆಜ್ಞೆ. ಟಬ್ಬುಗಳ ಗದ್ದಲದ ನಡುವೆ ಕೂಗಿದ ಎಚ್ಚರಿಕೆಯು ಕೇಳದಿದ್ದರೆ, ಹಿಂದಿನಿಂದ ಬಂದ ಟಬ್ಬಿನ ಸದ್ದು ಮುಂದಿನ ಟಬ್ಬಿನ ಸದ್ದಿನಲ್ಲಿ ಮುಚ್ಚಿಹೋದರೆ, ಅದರ ಫಲವು ಅಪಘಾತವೆಂಬ ಶೀರ್ಷಿಕೆಯಲ್ಲಿ ಬರೆಯಲ್ಪಡುವುದೇ ಹೊರತು ಶಬ್ದವೆಂಬ ಶೀರ್ಷಿಕೆಯಲ್ಲಲ್ಲ. ಸದ್ದಿನ ನಿಜವಾದ ಲೆಕ್ಕವು ಈ ಕಾರಣದಿಂದಲೂ ಚರಿತ್ರೆಗೆ ಸಿಕ್ಕದೆ ಹೋಯಿತು.

ಸದ್ದಿನಿಂದ ಕಿವುಡು ಬರುವುದೆಂಬ ಜ್ಞಾನವೇನೂ ಹೊಸದಲ್ಲ. ಇಟಲಿಯ ವೈದ್ಯ ರಾಮಜ಼ೀನಿಯು ೧೮ನೆಯ ಶತಮಾನದ ಆರಂಭದಲ್ಲಿ ವೃತ್ತಿಗಳ ರೋಗಗಳನ್ನು ಬರೆಯುವಾಗ ತಾಮ್ರವನ್ನು ಬಡಿಯುವ ಕಂಚುಗಾರರು ಮೊದಲು ಮಂದಕಿವಿಯವರೂ ಮುಪ್ಪಿನಲ್ಲಿ ಪೂರ್ಣ ಕಿವುಡರೂ ಆಗುವುದನ್ನು ಹೇಳಿದನು. ೧೮೮೬ರಲ್ಲಿ ಗ್ಲಾಸ್ಗೋ ನಗರದ ಕರ್ಣವೈದ್ಯ ಥಾಮಸ್ ಬಾರ್ ಎಂಬವನು ಉಗಿಕೊಪ್ಪರಿಗೆಗಳನ್ನು ಕಟ್ಟುವ ನೂರು ಮಂದಿ ಕೆಲಸಗಾರರನ್ನು ಪರೀಕ್ಷಿಸಿ, ಅವರ ಶ್ರವಣಶಕ್ತಿಯು ಎಷ್ಟು ಕೆಟ್ಟಿದೆಯೆಂಬುದನ್ನು ಲೆಕ್ಕವಾಗಿಯೇ ತೋರಿಸಿದನು. ಸಭೆಯಲ್ಲಿ ಕುಳಿತು ಭಾಷಣವನ್ನು ಕೇಳಲು ಅವರಲ್ಲಿ ಬಹುಮಂದಿಗೆ ಆಗುತ್ತಿರಲಿಲ್ಲ. ಕೋಲಾರದಲ್ಲಿ ಚಿನ್ನದ ಮುಖ್ಯ ಪದರವು ಸಿಕ್ಕಿ ಕೆಲವೇ ವರ್ಷಗಳಾಗಿದ್ದ ಕಾಲವದು. ಬಾರನ ಬರಹವು ವೈದ್ಯರ ಸಂಘದಲ್ಲಿ ಉಳಿಯಿತು, ಗಣಿಯ ಶಾಫ್ಟಿಗೆ ಇಳಿಯಲಿಲ್ಲ. ಕಿವುಡು ಬರುವ ರೀತಿಯೂ ಇದಕ್ಕೆ ಸಹಕಾರಿಯಾಯಿತೆನ್ನಬೇಕು. ಒಳಕಿವಿಯ ಶಂಖದಲ್ಲಿರುವ ಸೂಕ್ಷ್ಮವಾದ ರೋಮಕೋಶಗಳು ಅತಿಯಾದ ಶಬ್ದಕ್ಕೆ ಸಿಕ್ಕಿ ಸಾಯುತ್ತವೆ. ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಎತ್ತರದ ಸ್ವರಗಳು. ಆದುದರಿಂದ ಸ, ತ, ಕ ಮುಂತಾದ ವ್ಯಂಜನಗಳು ಮಸುಕಾಗಿ ಸ್ವರಗಳು ಮಾತ್ರ ಕೇಳಿಸುತ್ತವೆ. ಮಾತನಾಡುತ್ತಿದ್ದಾರೆಂಬುದು ತಿಳಿಯುವುದು, ಏನೆಂಬುದು ತಿಳಿಯದು. ಇಂಥವನು ತಾನು ಕಿವುಡನೆಂದು ಬಹುಕಾಲ ಒಪ್ಪುವುದಿಲ್ಲ. ಉಳಿದವರು ಗೊಣಗುತ್ತಾರೆಂದು ಸಿಟ್ಟಾಗುವನು.

ಹಳಿಯ ಬಂಡಿಯ ಸದ್ದನ್ನು ಇಳಿಸಿದವರು ಕಿವಿಯ ಮೇಲಣ ಕರುಣೆಯಿಂದ ಇಳಿಸಿದರೆಂದು ಹೇಳುವುದು ಕಷ್ಟ. ಗುಂಡು ಮತ್ತು ಉರುಳೆಗಳ ಬೇರಿಂಗುಗಳು ೨೦ನೆಯ ಶತಮಾನದಲ್ಲಿ ಟಬ್ಬಿನ ಅಚ್ಚಿಗೆ ಬಂದದ್ದು ನೂಕುವ ಶ್ರಮವನ್ನು ಉಳಿಸುವುದಕ್ಕೆ. ಜೊತೆಗೆ ಅಚ್ಚಿನ ಕಿರುಚಾಟವೂ ಅಡಗಿತು. ಹಳಿಗಳನ್ನು ಬೆಸೆದು ಸಂದುಗಳನ್ನು ಕಡಮೆಮಾಡಿದ್ದು ಬಂಡಿಗಳು ಹಳಿ ತಪ್ಪದಿರಲೆಂದು, ಬಡಿತವೂ ಕಡಮೆಯಾಯಿತು. ಅದಿರು ಜಾರುವ ತೊಟ್ಟಿಗಳಿಗೆ ರಬ್ಬರಿನ ಒಳಪದರವನ್ನು ಹಾಸಿದ್ದು ಉಕ್ಕು ಸವೆಯದಿರಲೆಂದು. ಗಂಟೆಯ ಮೊಳಗೂ ಮೆತ್ತಗಾಯಿತು. ಮಿತವ್ಯಯವು ಮಾಡಿದ ಉಪಕಾರಗಳು ಇವು. ಉಪಕಾರವು ಯಾವ ಬಾಗಿಲಿನಿಂದ ಬಂದರೂ ಸ್ವಾಗತಾರ್ಹವೇ. ಈ ಪ್ರಸಂಗದಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮಾತೊಂದು ನೆನಪಿಗೆ ಬರುವುದು. ೧೯೨೩ರಲ್ಲಿ ಕೆಲಸವನ್ನಾರಂಭಿಸಿದ ಆ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರು ಬೆಟ್ಟದ ಮೇಲಿನಿಂದ ತಂತಿಹಗ್ಗದಲ್ಲಿ ತೂಗಿಬಿಟ್ಟ ತೊಟ್ಟಿಲುಗಳಲ್ಲಿ ಇಳಿದು, ತಣಿಗೆಬೈಲಿನಿಂದ ಮುಂದೆ ಕಿರುಹಳಿಯ ಬಂಡಿಯಲ್ಲಿ ಸಾಗುತ್ತಿತ್ತು. ಗಾಳಿಯಲ್ಲಿ ತೇಲುವ ತೊಟ್ಟಿಲಿಗೂ ಹಳಿಯ ಮೇಲೆ ಬಡಿದಾಡುವ ಬಂಡಿಗೂ ಇರುವ ಅಂತರವನ್ನು ಚನ್ನಗಿರಿ, ತರೀಕೆರೆಗಳ ಕಡೆಯ ಹಿರಿಯರಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ.

ಹಳಿಯ ಗದ್ದಲವು ತಣ್ಣಗಾಗುತ್ತಿದ್ದಂತೆಯೇ ಬೇರೊಂದು ಗದ್ದಲವು ಬಾಗಿಲಲ್ಲಿ ನಿಂತಿತ್ತು. ಎರಡನೆಯ ಮಹಾಯುದ್ಧದ ತರುವಾಯ, ಅದರಲ್ಲಿಯೂ ೧೯೬೦ರ ದಶಕದಲ್ಲಿ, ಅಮೆರಿಕದಲ್ಲಿ ರಬ್ಬರಿನ ಗಾಲಿಗಳುಳ್ಳ ಡೀಸೆಲ್ ವಾಹನಗಳು ಗಣಿಗೆ ಇಳಿದುವು. ಇವುಗಳಲ್ಲಿ ಒಂದು ಬಗೆಯದು ತಾನೇ ಕಲ್ಲನ್ನು ಬಾಚಿ, ತಾನೇ ಹೊತ್ತು, ತಾನೇ ಸುರಿಯುವುದು. ಚಪ್ಪಟೆಯಾದ ಮೈ, ಮುಂದೆ ದೊಡ್ಡ ಬಾಚಿ, ನಡುವೆ ಕೀಲು. ಚಾಲಕನು ಹಿಂದೆಮುಂದೆ ಎರಡು ಕಡೆಯೂ ನೋಡಬಲ್ಲಂತೆ ಅಡ್ಡಡ್ಡವಾಗಿ ಕುಳಿತಿರುವನು. ಇನ್ನೊಂದು ಬಗೆಯದು ತಗ್ಗಿನ ಸುರಂಗಕ್ಕಾಗಿ ಕುಳ್ಳಾಗಿ ಕಟ್ಟಿದ ಲಾರಿ. ಹಳಿಯಿಲ್ಲ, ಬಡಿತವಿಲ್ಲ, ತಿರುವಿನ ಕೀರಲಿಲ್ಲ. ಗಾಲಿಯ ಸದ್ದು ಸತ್ತೇಹೋಯಿತು. ಆದರೆ ಆ ಗಾಲಿಗಳ ಮೇಲೆ ನೂರಾರು ಕುದುರೆಗಳ ಬಲದ ಎಂಜಿನು ಕುಳಿತಿತ್ತು. ಮನುಷ್ಯನು ನೂಕುತ್ತಿದ್ದ ಟಬ್ಬಿನ ಸದ್ದು ಅವನು ನಿಂತಾಗ ನಿಲ್ಲುತ್ತಿತ್ತು. ಎಂಜಿನಿನ ಸದ್ದಿಗೆ ಪಾಳಿಯ ಉದ್ದಕ್ಕೂ ವಿರಾಮವಿಲ್ಲ.

ಕರ್ನಾಟಕದಲ್ಲಿ ಈ ಎರಡು ಯುಗಗಳೂ ಎರಡು ಊರುಗಳಲ್ಲಿ ಕಾಣುವುವು. ಕೋಲಾರವು ಶಾಫ್ಟು, ಹಳಿ, ಟಬ್ಬುಗಳ ಯುಗದಲ್ಲಿಯೇ ಬಾಳಿ ಮುಗಿಯಿತು. ೧೯೫೬ರಲ್ಲಿ ಮೈಸೂರು ಸರ್ಕಾರದ ಕೈಗೂ, ೧೯೬೨ರಲ್ಲಿ ಕೇಂದ್ರ ಸರ್ಕಾರದ ಕೈಗೂ ಬಂದ ಆ ಗಣಿಗಳು ೧೯೭೨ರಿಂದ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ನಡೆದು, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದುವು. ಹಟ್ಟಿಯ ದಾರಿ ಬೇರೆಯಾಯಿತು. ೨೦ನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ನಡೆದು ನಿಂತುಹೋಗಿದ್ದ ಆ ಗಣಿಗೆ ೧೯೪೭ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಹೊಸ ಕಂಪನಿಯು ಹುಟ್ಟಿತು. ರಾಜ್ಯಗಳ ಪುನರ್ವಿಂಗಡಣೆಯ ಬಳಿಕ ಅದು ಕನ್ನಡಿಗರ ಪಾಲಿಗೆ ಬಂದಿತು. ಅಲ್ಲಿ ಮಲ್ಲಪ್ಪ ಶಾಫ್ಟಿನಂತಹ ಬಾವಿಗಳ ಜೊತೆಗೆ ಇಳಿಜಾರಿನ ಸುರಂಗದಲ್ಲಿ ಓಡುವ ಡೀಸೆಲ್ ಬಾಚುಬಂಡಿಗಳೂ ಕುಳ್ಳಲಾರಿಗಳೂ ಬಂದುವು. ಎರಡು ಸಹಸ್ರ ವರ್ಷಗಳ ಹಿಂದೆ ತಲೆಹೊರೆಯ ಮೇಲೆ ಅದಿರು ಏರಿದ ನೆಲದಲ್ಲಿಯೇ ಎಂಜಿನು ಗರ್ಜಿಸತೊಡಗಿತು.

ಗರ್ಜನೆ ಎಷ್ಟೆಂಬುದನ್ನು ತಿಳಿಯಲು ಡೆಸಿಬೆಲ್ ಎಂಬ ಅಳತೆಯನ್ನು ಸ್ವಲ್ಪ ಅರಿಯಬೇಕು. ಇದು ಸೇರು ಪಾವುಗಳಂತೆ ಕೂಡಿಸುವ ಅಳತೆಯಲ್ಲ. ೯೦ ಡೆಸಿಬೆಲಿನ ಎರಡು ಯಂತ್ರಗಳು ಒಟ್ಟಿಗೆ ನಡೆದರೆ ೧೮೦ ಆಗುವುದಿಲ್ಲ, ೯೩ ಆಗುವುದು. ಎಂದರೆ ಪ್ರತಿ ೩ ಡೆಸಿಬೆಲಿಗೂ ಶಬ್ದದ ಶಕ್ತಿಯು ಇಮ್ಮಡಿಸುವುದು. ೯೦ರಿಂದ ೧೦೦ಕ್ಕೆ ಏರಿದರೆ ಶಕ್ತಿಯು ಹತ್ತುಪಟ್ಟು. ಮುಚ್ಚುಕೋಣೆಯಿಲ್ಲದ ಹಳೆಯ ಡೀಸೆಲ್ ಬಾಚುಬಂಡಿಯ ಚಾಲಕನ ಕಿವಿಯ ಬಳಿ ೯೫ರಿಂದ ೧೦೫ ಡೆಸಿಬೆಲುಗಳವರೆಗೆ ಶಬ್ದವು ಅಳೆಯಲ್ಪಟ್ಟಿದೆ. ಭಾರತದ ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯವು ೧೯೭೫ರಲ್ಲಿ ಹೊರಡಿಸಿದ ಸುತ್ತೋಲೆಯು ೮೫ ಡೆಸಿಬೆಲನ್ನು ಎಚ್ಚರಿಕೆಯ ಮೇರೆಯೆಂದೂ ೯೦ನ್ನು ಅಪಾಯದ ಮೇರೆಯೆಂದೂ ಗೊತ್ತುಮಾಡಿತು. ೧೧೫ನ್ನು ಮೀರಿದೆಡೆ ಕಿವಿಗೆ ರಕ್ಷಣೆಯಿಲ್ಲದೆ ಯಾರೂ ಹೋಗಕೂಡದೆಂದಿತು. ಅಮೆರಿಕದಲ್ಲಿ ಕಲ್ಲಿದ್ದಲ ಗಣಿಗಳಿಗೆ ೧೯೬೯ರ ಶಾಸನವು ಶಬ್ದದ ಮೇರೆಯನ್ನು ತಂದಿತು. ೧೯೯೯ರ ನಿಯಮವು ಕಿವಿಯ ಬೆಣೆಗಿಂತ ಮೊದಲು ಯಂತ್ರವನ್ನೇ ಸರಿಪಡಿಸಬೇಕೆಂಬ ತತ್ತ್ವವನ್ನು ಒತ್ತಿಹೇಳಿತು. ಈ ತತ್ತ್ವವು ಸಣ್ಣದಲ್ಲ. ಕಿವಿಗೆ ಬೆಣೆಯನ್ನು ಕೊಡುವುದು ಅಗ್ಗ. ಆದರೆ ಬೆಣೆಯಿಟ್ಟ ಗಣಿಗಾರನು ಬಂಡೆಯ ಚಿಟಿಲನ್ನು ಹೇಗೆ ಕೇಳಬೇಕು? ಬೆವರಿನಲ್ಲಿ ತೊಯ್ದ ಕೈಯಿಂದ ಅದನ್ನು ದಿನಕ್ಕೆ ಎಷ್ಟು ಬಾರಿ ತೆಗೆದು ಹಾಕಬೇಕು? ತೆಗೆದ ಹತ್ತು ನಿಮಿಷಗಳಲ್ಲಿಯೇ ದಿನದ ರಕ್ಷಣೆಯ ಬಹುಭಾಗವು ವ್ಯರ್ಥವಾಗಬಹುದು.

ಯಂತ್ರವನ್ನು ಸರಿಪಡಿಸುವ ಪ್ರಯತ್ನವು ೧೯೭೦ರ ದಶಕದಲ್ಲಿ ಅಮೆರಿಕದ ಗಣಿ ಇಲಾಖೆಯ ಪ್ರೋತ್ಸಾಹದಿಂದ ಬಲವಾಯಿತು. ಅದರ ಇತಿಹಾಸವು ಸ್ವಾರಸ್ಯವಾಗಿದೆ, ಏಕೆಂದರೆ ಒಂದು ಶಬ್ದವನ್ನು ಅಡಗಿಸಿದಾಗ ಅದರ ಹಿಂದೆ ಅಡಗಿದ್ದ ಇನ್ನೊಂದು ಶಬ್ದವು ಎದ್ದು ಬರುತ್ತಿತ್ತು. ಮೊದಲು ಎಲ್ಲರ ಕಣ್ಣಿಗೂ ಬಿದ್ದದ್ದು ಹೊಗೆಕೊಳವೆ. ಅದಕ್ಕೆ ಒಳ್ಳೆಯ ಶಬ್ದಶಾಮಕವನ್ನು ಜೋಡಿಸಿದರು. ಬಂಡಿಯು ಹೆಚ್ಚೇನೂ ಮೆತ್ತಗಾಗಲಿಲ್ಲ, ಏಕೆಂದರೆ ತಂಪಿನ ಬೀಸಣಿಗೆಯೂ ಅದೇ ಮಟ್ಟದಲ್ಲಿ ಮೊರೆಯುತ್ತಿತ್ತು. ಬೀಸಣಿಗೆಯ ವಿಚಾರದಲ್ಲಿ ಭೌತಶಾಸ್ತ್ರವು ಉದಾರವಾಗಿದೆ. ಅದರ ವೇಗವನ್ನು ಅರ್ಧಕ್ಕೆ ಇಳಿಸಿದರೆ ಶಬ್ದವು ಸುಮಾರು ೧೫ ಡೆಸಿಬೆಲುಗಳಷ್ಟು ತಗ್ಗುವುದು; ಗಾಳಿಯ ಪ್ರಮಾಣವಾದರೋ ಅರ್ಧಕ್ಕೆ ಮಾತ್ರ ಇಳಿಯುವುದು. ಆದುದರಿಂದ ಸಣ್ಣ ಬೀಸಣಿಗೆಯನ್ನು ಭರದಿಂದ ತಿರುಗಿಸುವುದಕ್ಕಿಂತ ದೊಡ್ಡದನ್ನು ನಿಧಾನವಾಗಿ ತಿರುಗಿಸುವುದು ಲೇಸು. ಅರಮನೆಯ ಚಾಮರದ ಬೀಸು ಸದ್ದಿಲ್ಲದ್ದಾಗಿರುವುದೂ ಇದೇ ಕಾರಣದಿಂದ. ಆದರೆ ಗಣಿಯ ಬಂಡಿಯಲ್ಲಿ ದೊಡ್ಡ ಬೀಸಣಿಗೆಗೆ ಎಡೆಯೆಲ್ಲಿ? ಸುರಂಗವು ತಗ್ಗಾದುದರಿಂದಲೇ ಬಂಡಿಯನ್ನು ಕುಳ್ಳಾಗಿ ಕಟ್ಟಿದುದು.

ಎಂಜಿನನ್ನು ಶಬ್ದ ಹೀರುವ ಪದರಗಳುಳ್ಳ ಪೆಟ್ಟಿಗೆಯಲ್ಲಿ ಮುಚ್ಚುವುದು ಎರಡನೆಯ ಉಪಾಯ. ಮುಚ್ಚಿದ ಎಂಜಿನು ಬಿಸಿಯಾಗುವುದು. ಬಿಸಿಯಾದರೆ ಬೀಸಣಿಗೆಯು ಇನ್ನೂ ಬಲವಾಗಿರಬೇಕು. ಗಾಳಿಗೆ ಕಿಂಡಿಯನ್ನು ಬಿಟ್ಟರೆ ಶಬ್ದವೂ ಆ ಕಿಂಡಿಯಿಂದಲೇ ಹೊರಬರುವುದು. ಗಾಜಿನ ನಾರಿನ ಪದರವು ಸೋರಿದ ಎಣ್ಣೆಯನ್ನು ಕುಡಿದರೆ ಬೆಂಕಿಯ ಭಯ. ನೆಲದೊಳಗೆ ಬೆಂಕಿಯೆಂದರೆ ಹೊಗೆಗೆ ಹೋಗಲು ದಾರಿಯಿಲ್ಲ. ಆದುದರಿಂದ ಎಣ್ಣೆ ಕುಡಿಯದ ತೆಳುಪೊರೆಯನ್ನು ಹೊದಿಸಿದ, ಉರಿಯದ ಪದರಗಳನ್ನು ಬಳಸಬೇಕಾಯಿತು. ಎಂಜಿನನ್ನು ಬಂಡಿಯ ಚೌಕಟ್ಟಿಗೆ ನೇರವಾಗಿ ಬಿಗಿಯದೆ ನಡುವೆ ರಬ್ಬರಿನ ದಿಂಡುಗಳನ್ನಿಡುವುದು ಮೂರನೆಯ ಉಪಾಯ. ಇದು ಹೊರಗಣ್ಣಿಗೆ ಅಲ್ಪವಾಗಿ ಕಂಡರೂ ಬಹಳ ಫಲಕಾರಿಯಾದುದು. ಏಕೆಂದರೆ ಬಂಡಿಯ ಮೈಯೆಲ್ಲವೂ ನಡುಗಿ ಮಾಡುವ ಸದ್ದು ಇದರಿಂದ ತಪ್ಪುವುದು. ವೀಣೆಯ ತಂತಿಯ ಸದ್ದನ್ನು ಹಿಗ್ಗಿಸುವುದು ಅದರ ಕಾಯಿಯಲ್ಲವೆ? ತಂತಿಗೂ ಕಾಯಿಗೂ ಸಂಬಂಧವನ್ನು ಕಡಿದರೆ ನಾದವು ಕುಗ್ಗುವುದು. ಹೈಡ್ರಾಲಿಕ್ ಪಂಪುಗಳ ಕೊಳವೆಗಳನ್ನು ಕಬ್ಬಿಣದ ಗೋಡೆಗೆ ತಾಗದಂತೆ ಕಟ್ಟುವುದೂ ಇದೇ ನ್ಯಾಯಕ್ಕೆ ಸೇರಿದುದು.

ಎಲ್ಲಕ್ಕಿಂತ ಹೆಚ್ಚು ಫಲವನ್ನು ಕೊಟ್ಟದ್ದು ಚಾಲಕನಿಗೆ ಮುಚ್ಚಿದ ಕೋಣೆಯನ್ನು ಕಟ್ಟಿದುದು. ದಪ್ಪ ಗಾಜು, ಸಂದಿಲ್ಲದ ಬಾಗಿಲು, ಒಳಗೆ ತಂಪು ಮಾಡಿ ಸೋಸಿದ ಗಾಳಿ. ಇದರಿಂದ ಶಬ್ದದೊಡನೆ ದೂಳೂ ಹೊಗೆಯೂ ಹೊರಗುಳಿಯುತ್ತವೆ. ಕಿವಿ, ಪುಪ್ಪುಸ ಎರಡನ್ನೂ ಒಂದೇ ಉಪಾಯವು ಕಾಪಾಡುವುದು ಅಪರೂಪ. ಆದರೂ ಇದನ್ನು ಕಣ್ಣು ಮುಚ್ಚಿ ಹೊಗಳುವಂತಿಲ್ಲ. ಕೋಣೆಯ ಕಂಬಗಳು ದೃಷ್ಟಿಗೆ ಅಡ್ಡಬರುತ್ತವೆ. ಬಾಗಿಲು ಸೆಕೆಗೆ ತೆರೆದಿಟ್ಟರೆ ಸಕಲವೂ ನಿಷ್ಫಲ. ಅದಲ್ಲದೆ ಕೋಣೆಯು ರಕ್ಷಿಸುವುದು ಒಳ ಕುಳಿತವನನ್ನು ಮಾತ್ರ. ಅದೇ ಸುರಂಗದಲ್ಲಿ ನಡೆದು ಹೋಗುವವನು, ಗೋಡೆಗೆ ಆನಿಸಿ ಬಂಡಿಗೆ ದಾರಿ ಬಿಡುವವನು, ಮುಂದಿನ ಮುಖದಲ್ಲಿ ರಂಧ್ರ ಕೊರೆಯುವವನು, ಇವರೆಲ್ಲ ಹೊರಗೆಯೇ ಉಳಿಯುತ್ತಾರೆ. ಕೊರೆಯುವವನ ಪಾಡನ್ನು ಬೇರೆ ಹೇಳಲೇಬೇಕಾಗಿಲ್ಲ. ಗಾಳಿಯೊತ್ತಡದ ಭೈರಿಗೆಯು ೧೧೫ ಡೆಸಿಬೆಲನ್ನೂ ದಾಟುವುದು. ಬಂಡಿಯ ಮೂಲದಲ್ಲಿಯೇ ಸದ್ದನ್ನು ಕಡಮೆಮಾಡಿದವನು ಇವರೆಲ್ಲರಿಗೂ ಉಪಕಾರಿ. ಕೋಣೆಯನ್ನು ಮಾತ್ರ ಕಟ್ಟಿದವನು ಒಬ್ಬನಿಗೆ ಉಪಕಾರಿ. ಅಂಗಡಿಯ ಪಟ್ಟಿಯಲ್ಲಿ ಎರಡನೆಯದೇ ಹೆಚ್ಚು ಮಾರಾಟವಾಗುವುದೆಂಬುದು ಬೇರೆ ಮಾತು.

೨೧ನೆಯ ಶತಮಾನದಲ್ಲಿ ವಿದ್ಯುತ್ಕೋಶಗಳಿಂದ ನಡೆಯುವ ಬಾಚುಬಂಡಿಗಳು ಕೆನಡ ಮತ್ತು ಉತ್ತರ ಯೂರೋಪಿನ ಗಣಿಗಳಿಗೆ ಇಳಿದಿವೆ. ಎಂಜಿನಿನ ಸದ್ದೂ ಹೊಗೆಕೊಳವೆಯ ಸದ್ದೂ ಇವುಗಳಲ್ಲಿಲ್ಲ. ಬಿಸಿಯು ಕಡಮೆಯಾದುದರಿಂದ ಬೀಸಣಿಗೆಯೂ ಸಣ್ಣದು, ಸುರಂಗಕ್ಕೆ ಊದಬೇಕಾದ ಗಾಳಿಯೂ ಕಡಮೆ. ಗಣಿಯ ಒಡೆಯರು ಇವನ್ನು ಕೊಳ್ಳುವುದು ಗಾಳಿಯ ಖರ್ಚನ್ನು ಉಳಿಸಲೆಂದೇ ಹೊರತು ಕಿವಿಗಳನ್ನು ಉಳಿಸಲೆಂದಲ್ಲ. ಬೇರಿಂಗಿನ ಕಥೆಯೇ ಮತ್ತೆ ನಡೆದಿದೆ. ಇದರಲ್ಲಿಯೂ ಹೊಸ ತೊಡಕೊಂದು ಹುಟ್ಟಿತು: ಸದ್ದಿಲ್ಲದ ಬಂಡಿಯು ಹಿಂದಿನಿಂದ ಬಂದರೆ ನಡೆಯುವವನಿಗೆ ತಿಳಿಯುವುದಿಲ್ಲ. ಆದುದರಿಂದ ಅದಕ್ಕೆ ದೀಪವನ್ನೂ ಎಚ್ಚರಿಕೆಯ ಸ್ವರವನ್ನೂ ಬೇರೆಯಾಗಿ ಜೋಡಿಸಬೇಕಾಯಿತು. ಅಗ್ರಿಕೋಲನ ನಾಯಿಗೆ ಬೊಗಳುವುದನ್ನು ಬಿಡಿಸಿ, ಬೇಕಾದಾಗ ಮಾತ್ರ ಬೊಗಳುವಂತೆ ಕಲಿಸಿದಂತಾಯಿತು.

ಇವೆಲ್ಲ ದೂರದ ಮಾತುಗಳೆಂದು ಈ ಸೀಮೆಯವರು ಎಣಿಸಬೇಕಾಗಿಲ್ಲ. ಜಗಳೂರಿನ ಒಣಭೂಮಿಗೂ ಭದ್ರೆಯ ನೀರನ್ನು ಮುಟ್ಟಿಸಲು ಯೋಚಿಸಿದ ಭದ್ರಾ ಮೇಲ್ದಂಡೆಯ ಕಾಲುವೆಗಾಗಿ ಅಜ್ಜಂಪುರದ ಬಳಿ ಬೆಟ್ಟದಲ್ಲಿ ಉದ್ದನೆಯ ಸುರಂಗವನ್ನು ಕೊರೆದರು. ಅದು ಗಣಿಯಲ್ಲ, ಆದರೆ ಅಲ್ಲಿ ಕಲ್ಲನ್ನು ಹೊತ್ತು ಹೊರಬಂದ ಬಂಡಿಯ ಸದ್ದಿಗೆ ಅದು ನೀರಿನ ಸುರಂಗವೋ ಚಿನ್ನದ ಸುರಂಗವೋ ಎಂಬ ಭೇದವಿಲ್ಲ. ಕೋಲಾರದಲ್ಲಿ ೧೯೮೮ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆಯು ಬಂಡೆಯ ಮಾತನ್ನು ಯಂತ್ರಗಳಿಂದ ಕೇಳುವ ವಿದ್ಯೆಯನ್ನು ಬೆಳೆಸಿತು. ಹಿಂದೆ ಸಲಾಕಿ ಹಿಡಿದ ಮುದುಕನ ಕಿವಿಯು ಮಾಡುತ್ತಿದ್ದ ಕೆಲಸವೇ ಇದು.

ಶಬ್ದದಿಂದ ಬರುವ ಕಿವುಡನ್ನು ೧೯೫೨ರ ಗಣಿ ಶಾಸನದ ೨೫ನೆಯ ಪ್ರಕರಣದ ಕೆಳಗೆ ವರದಿಮಾಡತಕ್ಕ ರೋಗವೆಂದು ಕೇಂದ್ರ ಸರ್ಕಾರವು ೨೦೧೧ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಅಲ್ಲಿಂದ ಮುಂದೆ ಗಣಿಯ ಒಡೆಯನೂ ವೈದ್ಯನೂ ಅಂಥ ರೋಗಿಯ ವಿಚಾರವನ್ನು ಅಧಿಕಾರಿಗಳಿಗೆ ತಿಳಿಸಲೇಬೇಕಾಯಿತು. ಕೋಲಾರದ ಕಡೆಯ ಪಾಳಿಯವರು ಶಾಫ್ಟಿನಿಂದ ಹೊರಬಂದು ಆಗ ಹತ್ತು ವರ್ಷಗಳಾಗಿದ್ದುವು.